ನಾಯಿಯ ಕಣ್ಣಿನ ಬಳಿ ಏಳುವ ನೀರುಗಂಟು

(ಜಾನುವಾರು ಆರೋಗ್ಯ ಶಿಬಿರದಲ್ಲಿ ಪಶುವೈದ್ಯರೊಬ್ಬರು ಮಾಡಿದ ಭಾಷಣದ ಪೂರ್ಣಪಾಠ)



ದನಗಳ ಕಾಲುಬಾಯಿ ಜ್ವರ, ಕುರಿಗಳ ಜಂತುಹುಳು, ಕೋಳಿಗಳ ಕೊಕ್ಕರೆ ರೋಗ ಇವುಗಳ ವಿಷಯ ಮಾತನಾಡಿದರೆ ಎಲ್ಲರೂ ಕಿವಿಗೊಟ್ಟು ಕೇಳುತ್ತೀರಿ. ನಾಯಿಯ ವಿಷಯ ಎಂದೊಡನೆ ಹಿಂದಿನ ಸಾಲಿನಲ್ಲಿ ಯಾರಾದರೂ ನಗುತ್ತಾರೆ. "ಹಾಲು ಕೊಡುವುದಿಲ್ಲ, ನೇಗಿಲು ಎಳೆಯುವುದಿಲ್ಲ, ಅದಕ್ಕೆಂಥ ಆಸ್ಪತ್ರೆ?" ಎಂಬ ಮಾತು ನನಗೆ ಹೊಸದಲ್ಲ. ಆದರೆ ತೋಳ ಬರುವ ಸೀಮೆಯಲ್ಲಿ ಕುರಿಹಟ್ಟಿ ಇಟ್ಟವರನ್ನು ಕೇಳಿ ನೋಡಿ. ರಾತ್ರಿ ಹಂದಿ ನುಗ್ಗುವ ಹೊಲದವರನ್ನು ಕೇಳಿ ನೋಡಿ. ಒಳ್ಳೆಯ ಕಾವಲುನಾಯಿ ಒಂದು ಆಳಿನ ಕೆಲಸ ಮಾಡುತ್ತದೆ. ಮುಧೋಳದ ಬೇಟೆನಾಯಿಗಂತೂ ಕಣ್ಣೇ ಆಸ್ತಿ. ಅದು ವಾಸನೆ ಹಿಡಿದು ಹೋಗುವ ಜಾತಿಯಲ್ಲ, ಕಣ್ಣಿನಿಂದ ಕಂಡು ಅಟ್ಟಿಸಿಕೊಂಡು ಹೋಗುವ ಜಾತಿ. ಇಂಥ ಪ್ರಾಣಿ ನಮ್ಮ ಕೈಯಾರೆ ಕಣ್ಣು ಕಳೆದುಕೊಳ್ಳಬಾರದು ಎಂಬುದಕ್ಕಾಗಿ ಇಂದು ಈ ಮಾತು.

ನಾಯಿಯ ಕಣ್ಣಿನ ಮೂಲೆಯಲ್ಲಿ, ಇಲ್ಲವೆ ರೆಪ್ಪೆಯ ಒಳಮೈಯಲ್ಲಿ, ಕೆಲವು ವೇಳೆ ಮೆತ್ತನೆಯ ಗಂಟೊಂದು ಏಳುತ್ತದೆ. ಮೊದಲು ಕಡಲೆಕಾಳಿನಷ್ಟಿರುತ್ತದೆ. ದಿನ ಕಳೆದಂತೆ ಗೋಲಿಯಷ್ಟಾಗುತ್ತದೆ, ಬಿಟ್ಟರೆ ಇನ್ನೂ ದೊಡ್ಡದಾಗಬಹುದು. ಒತ್ತಿದರೆ ನೀರು ತುಂಬಿದ ಚೀಲದ ಹಾಗೆ ಅಲುಗುತ್ತದೆ. ನೋವಿಲ್ಲ, ಬಿಸಿಯಿಲ್ಲ, ನಾಯಿ ಅನ್ನ ಬಿಡುವುದಿಲ್ಲ. ತೆಳುಪೊರೆಯ ಕೆಳಗಿದ್ದರೆ ನೀಲಿ ಛಾಯೆ ಕಾಣುತ್ತದೆ. ಇದು ಕಣ್ಣೀರಿನ ಗ್ರಂಥಿಯ ನೀರುಗಂಟು. ವೈದ್ಯಗ್ರಂಥಗಳಲ್ಲಿ ಇದಕ್ಕೆ ಡ್ಯಾಕ್ರಿಯಾಪ್ಸ್ ಎಂದು ಹೆಸರು. ಹೆಚ್ಚಾಗಿ ಎಳೆಯ ಪ್ರಾಯದ ನಾಯಿಗಳಲ್ಲಿ ಕಾಣುತ್ತದೆ.

ನಿಜ ಹೇಳಬೇಕೆಂದರೆ ಇದು ಅಪರೂಪದ ರೋಗ. ಅಪರೂಪದ ರೋಗಕ್ಕೆ ಇಷ್ಟು ದೊಡ್ಡ ಭಾಷಣವೇಕೆಂದು ನೀವು ಕೇಳಬಹುದು. ರೋಗ ಅಪರೂಪವಾದರೂ ಕಣ್ಣಿನ ಬಳಿಯ ಗಂಟಿಗೆ ನಾವು ಮಾಡುವ ಉಪಚಾರಗಳು ಅಪರೂಪವಲ್ಲ. ಗಂಟು ಯಾವುದೇ ಇರಲಿ, ಒಬ್ಬರು ಕುಡುಗೋಲು ಕಾಯಿಸಿ ಬರೆ ಎಳೆಯುತ್ತಾರೆ. ಇನ್ನೊಬ್ಬರು ಜಾಲಿಮುಳ್ಳಿನಿಂದ ಚುಚ್ಚುತ್ತಾರೆ. ಸುಣ್ಣ ಹಚ್ಚುವವರುಂಟು, ಎಕ್ಕದ ಹಾಲು ಬಿಡುವವರುಂಟು, ಹೊಗೆಸೊಪ್ಪು ಅಗಿದು ಕಣ್ಣಿಗೆ ಉಗುಳುವವರೂ ಉಂಟು. ಸುಣ್ಣ ಕಣ್ಣಿನ ಗಾಜಿನಂಥ ಮುಂಪೊರೆಯನ್ನು ಸುಟ್ಟುಬಿಡುತ್ತದೆ. ಎಕ್ಕದ ಹಾಲು ಆ ಪೊರೆಯ ಒಳಪದರಕ್ಕೇ ಇಳಿದು ಹಾನಿಮಾಡುವ ವಿಷ. ಆಮೇಲೆ "ಕಣ್ಣಿಗೆ ಹೂ ಬಿತ್ತು" ಎನ್ನುತ್ತೇವೆ. ಆ ಹೂವು ತಾನಾಗಿ ಬಿದ್ದದ್ದಲ್ಲ, ನಾವು ಬೀಳಿಸಿದ್ದು.

ಈ ಗಂಟು ಏನೆಂದು ತಿಳಿಯಬೇಕಾದರೆ ಕಣ್ಣೀರು ಎಲ್ಲಿ ಹುಟ್ಟಿ ಎಲ್ಲಿ ಹರಿದುಹೋಗುತ್ತದೆಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಕಣ್ಣೀರು ಅಳುವುದಕ್ಕೆ ಮಾತ್ರ ಇರುವುದೆಂದು ತಿಳಿಯಬೇಡಿ. ನಾಯಿ ಅಳಲಿ ಬಿಡಲಿ, ಅದರ ಕಣ್ಣಿನ ಮೇಲೆ ಸದಾಕಾಲವೂ ತೆಳುವಾದ ನೀರಿನ ಪೊರೆ ಇರಲೇಬೇಕು. ಕಣ್ಣಿನ ಮುಂಪೊರೆಯಲ್ಲಿ ರಕ್ತನಾಳಗಳಿಲ್ಲ. ಅದು ಉಸಿರಾಡುವುದೂ, ಧೂಳು ತೊಳೆದುಕೊಳ್ಳುವುದೂ, ಹೊಳಪು ಉಳಿಸಿಕೊಳ್ಳುವುದೂ ಈ ನೀರಿನ ಬಲದಿಂದಲೇ. ಈ ನೀರನ್ನು ಕೊಡುವ ಗ್ರಂಥಿಗಳು ಪ್ರತಿ ಕಣ್ಣಿಗೂ ಎರಡು. ಒಂದು, ಕಣ್ಣುಗುಡ್ಡೆಯ ಮೇಲ್ಭಾಗದಲ್ಲಿ ಕಡೆಗಣ್ಣಿನ ಕಡೆಗೆ, ಹುಬ್ಬಿನ ಮರೆಯಲ್ಲಿ ಚಪ್ಪಟೆಯಾಗಿ ಕುಳಿತಿದೆ. ಇನ್ನೊಂದು, ನಮಗಿಲ್ಲದೆ ನಾಯಿಗೆ ಇರುವ ಮೂರನೆಯ ರೆಪ್ಪೆಯ ಬುಡದಲ್ಲಿದೆ. ನಾಯಿ ನಿದ್ದೆ ಹತ್ತುವಾಗ ಕಣ್ಣಿನ ಒಳಮೂಲೆಯಿಂದ ಒಂದು ಬಿಳಿಯ ಪೊರೆ ಅಡ್ಡ ಬರುವುದನ್ನು ನೋಡಿದ್ದೀರಷ್ಟೆ? ಅದೇ ಮೂರನೆಯ ರೆಪ್ಪೆ. ಅದರ ಬುಡದ ಗ್ರಂಥಿ ಚಿಕ್ಕದಾದರೂ ಒಟ್ಟು ಕಣ್ಣೀರಿನಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನೋ ಅದಕ್ಕಿಂತ ಹೆಚ್ಚನ್ನೋ ಕೊಡುತ್ತದೆ. ಈ ಮಾತನ್ನು ಮುಂದೆ ಮತ್ತೆ ಹೇಳುತ್ತೇನೆ, ಮರೆಯಬೇಡಿ.

ಕಣ್ಣನ್ನು ತೊಳೆದ ನೀರು ಒಳಮೂಲೆಗೆ ಬಂದು ಸೇರುತ್ತದೆ. ಅಲ್ಲಿ ಮೇಲಿನ ರೆಪ್ಪೆಯಲ್ಲೊಂದು, ಕೆಳಗಿನ ರೆಪ್ಪೆಯಲ್ಲೊಂದು ಸೂಜಿಯ ಕಣ್ಣಿನಂಥ ತೂತುಗಳಿವೆ. ಅವುಗಳ ಮೂಲಕ ಇಳಿದು, ಮೂಳೆಯೊಳಗಿನ ಸಣ್ಣ ಕಾಲುವೆಯಲ್ಲಿ ಹರಿದು, ಮೂಗಿನ ಹೊಳ್ಳೆಗೆ ಬೀಳುತ್ತದೆ.

ಗ್ರಂಥಿಯಿಂದ ನೀರು ಹೊರಬರುವ ನಾಳ ಪೆಟ್ಟಿನಿಂದಲೋ ಬಾವಿನಿಂದಲೋ ಕಟ್ಟಿಕೊಂಡರೆ ಏನಾದೀತು? ತೂಬು ಕಟ್ಟಿದ ಕೆರೆಯ ಹಾಗೆ ನೀರು ಹಿಂದೆಯೇ ನಿಲ್ಲುತ್ತದೆ. ಗ್ರಂಥಿ ಮಾತ್ರ ತನ್ನ ಕೆಲಸ ನಿಲ್ಲಿಸುವುದಿಲ್ಲ. ನೀರು ಸೇರಿ ಸೇರಿ ನಾಳ ಉಬ್ಬಿ ಚೀಲವಾಗುತ್ತದೆ. ಕೆಲವು ನಾಯಿಗಳಲ್ಲಿ ಗ್ರಂಥಿಯ ಚೂರೊಂದು ಹುಟ್ಟಿನಿಂದಲೇ ಇರಬಾರದ ಜಾಗದಲ್ಲಿ, ಒಳಮೂಲೆಯ ಕೆಳಗೆ, ಸೇರಿಕೊಂಡಿರುತ್ತದೆ. ಅದಕ್ಕೆ ಹೊರದಾರಿಯೇ ಇಲ್ಲ. ಕಾರಣ ತಿಳಿಯದೆ ಏಳುವ ಗಂಟುಗಳೂ ಅನೇಕ. ಕಾರಣ ಏನಿದ್ದರೂ ಇಷ್ಟು ನೆನಪಿಡಿ: ಇದು ಕೀವಲ್ಲ, ಕೆಟ್ಟ ರಕ್ತವಲ್ಲ, ದೃಷ್ಟಿಯೂ ತಾಕಿಲ್ಲ. ನೀರು ಉತ್ಪತ್ತಿ ಮಾಡುವ ಪೊರೆಯೊಂದು ಚೀಲದ ಒಳಮೈಗೆ ಹಾಸಿಕೊಂಡಿದೆ. ಆದುದರಿಂದ ಚುಚ್ಚಿ ನೀರು ತೆಗೆದರೆ ಚೀಲ ಬರಿದಾಗುತ್ತದೆಯೇ ಹೊರತು ಹೋಗುವುದಿಲ್ಲ. ಕೆಲವು ದಿನಗಳಲ್ಲೋ ವಾರಗಳಲ್ಲೋ ಮತ್ತೆ ತುಂಬುತ್ತದೆ.

ಕುರಿ ಕಾಯುವ ಹಿರಿಯರೊಬ್ಬರು ಒಂದೂವರೆ ವರ್ಷದ ನಾಯಿಯನ್ನು ಆಸ್ಪತ್ರೆಗೆ ತಂದಿದ್ದರು. ಎಡಗಣ್ಣಿನ ಒಳಮೂಲೆಯ ಕೆಳಗೆ ಗಂಟು. "ಎರಡು ಸಲ ಮುಳ್ಳಿನಲ್ಲಿ ಚುಚ್ಚಿದೆ ಸ್ವಾಮಿ. ತಿಳಿನೀರು ಬಂತು, ಇಳಿದೇ ಹೋಯಿತು. ವಾಸಿಯಾಯಿತು ಅಂದುಕೊಂಡೆ" ಎಂದರು. ಎರಡು ಸಲವೂ ಗಂಟು ಮತ್ತೆ ಎದ್ದಿತ್ತು. ಮೂರನೆಯ ಸಲ ಚುಚ್ಚಿದಾಗ ಕೀವು ತುಂಬಿ ಮುಖವೇ ಊದಿಕೊಂಡಿತು. ಮುಳ್ಳಿನ ಮೊನೆಯಲ್ಲಿದ್ದ ಕೊಳೆ ಒಳಗೆ ಹೋಗಿತ್ತು. ಮೊದಲೇ ಬಂದಿದ್ದರೆ ಒಂದು ದಿನದ ಕೆಲಸ. ಈಗ ಮೊದಲು ಕೀವು ಆರಲು ಔಷಧಿ ಕೊಟ್ಟು ಕಾಯಬೇಕಾಯಿತು. ಆಮೇಲೆ ಶಸ್ತ್ರಕ್ರಿಯೆ ಮಾಡುವಾಗ ಚೀಲ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡು ಬಿಡಿಸಲು ಬಾರದೆ, ಚೂರು ಚೂರಾಗಿ ತೆಗೆಯಬೇಕಾಯಿತು. ನಾಯಿ ಉಳಿಯಿತು, ದೃಷ್ಟಿಯೂ ಉಳಿಯಿತು. ಆದರೆ ಕೆಳಗಿನ ಕಾಲುವೆ ಮುಚ್ಚಿಹೋಗಿ ಆ ಕಣ್ಣಿನಿಂದ ನೀರು ಕೆನ್ನೆಯ ಮೇಲೆ ಹರಿಯುವುದು ನಿಲ್ಲಲಿಲ್ಲ. ಆ ಹಿರಿಯರನ್ನು ನಾನು ದೂರುವುದಿಲ್ಲ. ತಿಳಿನೀರು ಬಂದು ಗಂಟು ಇಳಿದರೆ ಯಾರಿಗಾದರೂ ವಾಸಿಯಾಯಿತೆಂದೇ ತೋರುತ್ತದೆ.

ಇನ್ನು ಕಣ್ಣಿನ ಬಳಿ ಊದಿದ್ದೆಲ್ಲ ನೀರುಗಂಟಲ್ಲ. ಎಲ್ಲಿ ಊದಿದೆ, ಯಾವ ಬಣ್ಣ, ಎಷ್ಟು ವಯಸ್ಸು ಎಂಬುದನ್ನು ನೋಡಿದರೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ. ಇದನ್ನು ನೀವೇ ಮನೆಯಲ್ಲಿ ನೋಡಬಹುದು. ಹಗಲು ಬೆಳಕಿನಲ್ಲಿ, ನಾಯಿಗೆ ಸಲಿಗೆಯಿರುವವರು, ಎದುರು ನಿಲ್ಲದೆ ಪಕ್ಕದಲ್ಲಿ ಕುಳಿತು ಎರಡೂ ಕಣ್ಣುಗಳನ್ನು ಹೋಲಿಸಿ ನೋಡಬೇಕು. ನೋವಿರುವ ನಾಯಿ ಒಡೆಯನನ್ನೂ ಕಚ್ಚುತ್ತದೆ. ಆದುದರಿಂದ ಬಟ್ಟೆಯ ಪಟ್ಟಿಯಿಂದ ಮೂತಿ ಕಟ್ಟಿಕೊಳ್ಳಿ. ಮೂತಿ ಕಟ್ಟಿದ ನಾಯಿಯನ್ನು ಬಿಸಿಲಲ್ಲಿ ಹೆಚ್ಚು ಹೊತ್ತು ಇಡಬೇಡಿ, ನಾಲಿಗೆ ಚಾಚಿ ಏದುವುದೇ ಅದರ ಮೈ ತಣಿಸುವ ದಾರಿ. ಒಂದು ಎಚ್ಚರಿಕೆಯನ್ನು ಎಲ್ಲಕ್ಕಿಂತ ಮೊದಲು ಹೇಳಬೇಕಾಗಿತ್ತು, ಈಗ ಹೇಳುತ್ತೇನೆ. ನಾಯಿಯ ನಡತೆಯೇ ಬದಲಾಗಿ, ಜೊಲ್ಲು ಸುರಿದು, ದವಡೆ ಜೋತು, ನೀರು ನುಂಗಲಾರದೆ ಇದ್ದರೆ ಕಣ್ಣನ್ನೂ ನೋಡಬೇಡಿ, ಬಾಯನ್ನೂ ತೆರೆಯಬೇಡಿ. ಅದು ಹುಚ್ಚುನಾಯಿ ರೋಗವಾಗಿರಬಹುದು. ದೂರದಿಂದಲೇ ಪಶುವೈದ್ಯರಿಗೆ ತಿಳಿಸಿ. ಜೊಲ್ಲು ಗಾಯಕ್ಕೋ ಕಣ್ಣಿಗೋ ತಗುಲಿದ್ದರೆ ಗಾಯವನ್ನು ಸಾಬೂನು ಹಾಕಿ ೧೫ ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಕಣ್ಣನ್ನು ಬರಿಯ ನೀರಿನಿಂದ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಮರಿಯ ಕಣ್ಣಿನ ಒಳಮೂಲೆಯಲ್ಲಿ ಕೆಂಪಗೆ, ಹಸಿಮಾಂಸದ ಮುದ್ದೆಯಂತೆ ಏನೋ ಒಂದು ರಾತ್ರಿ ಕಳೆಯುವುದರೊಳಗೆ ಹೊರಬಂದಿದ್ದರೆ ಅದು ನೀರುಗಂಟಲ್ಲ. ಮೂರನೆಯ ರೆಪ್ಪೆಯ ಬುಡದ ಗ್ರಂಥಿ ತನ್ನ ಜಾಗ ಬಿಟ್ಟು ಜಾರಿ ಹೊರಕ್ಕೆ ಬಂದಿದೆ. ಇದು ನೀರುಗಂಟಿಗಿಂತ ಬಹಳ ಹೆಚ್ಚಾಗಿ ಕಾಣುವ ತೊಂದರೆ. ಇಲ್ಲಿ ಒಂದು ದೊಡ್ಡ ತಪ್ಪು ನಡೆಯುತ್ತದೆ. ಕತ್ತರಿಯಿಂದ ಆ ಕೆಂಪು ಮುದ್ದೆಯನ್ನು ಕತ್ತರಿಸಿ ಎಸೆಯುವುದು. ಎರಡು ನಿಮಿಷದ ಕೆಲಸ, ರಕ್ತ ನಿಂತರೆ ಕಣ್ಣು ಚೊಕ್ಕಟವಾಗಿ ಕಾಣುತ್ತದೆ. ಹಿಂದೆ ಪಶುವೈದ್ಯರೂ ಹೀಗೆಯೇ ಮಾಡುತ್ತಿದ್ದರು. ಈಗ ಹೀಗೆ ಮಾಡಬಾರದೆಂದು ಚೆನ್ನಾಗಿ ತಿಳಿದಿದೆ. ಆಗಲೇ ಹೇಳಿದೆನಲ್ಲ, ಕಣ್ಣೀರಿನ ಮೂರನೆಯ ಒಂದು ಭಾಗವನ್ನಾದರೂ ಕೊಡುವ ಗ್ರಂಥಿ ಅದು. ಕತ್ತರಿಸಿ ಎಸೆದ ನಾಯಿಗೆ ಕೆಲವು ವರ್ಷಗಳ ಮೇಲೆ ಕಣ್ಣು ಒಣಗುವ ಸಂಭವ ಹೆಚ್ಚು. ಆಗ ಅಂಟಂಟಾದ ಗೀಜು ಕಟ್ಟುತ್ತದೆ, ಮುಂಪೊರೆ ಕಪ್ಪಾಗುತ್ತದೆ, ಕಣ್ಣು ಮಸುಕಾಗುತ್ತದೆ. ಅದಕ್ಕೆ ಸೈಕ್ಲೋಸ್ಪೊರಿನ್ ಎಂಬ ಮುಲಾಮನ್ನು ಬದುಕಿರುವವರೆಗೂ ದಿನಕ್ಕೆ ಎರಡು ಸಲ ಹಾಕಬೇಕಾಗುತ್ತದೆ. ಯಾರು ಹಾಕುತ್ತಾರೆ? ಜಾರಿದ ಗ್ರಂಥಿಯನ್ನು ಅದೇ ರೆಪ್ಪೆಯ ಪೊರೆಯಲ್ಲಿ ಜೇಬಿನಂತೆ ಮಾಡಿ, ಒಳಗಿಟ್ಟು ಹೊಲಿಯುವ ಕ್ರಮ ಈಗ ಇದೆ. ಅದನ್ನು ಮಾಡಿಸಿ. "ಕತ್ತರಿಸಿಬಿಡಿ ಡಾಕ್ಟರೇ, ಬೇಗ ಮುಗಿಯಲಿ" ಎಂದು ನೀವೇ ಒತ್ತಾಯ ಮಾಡಬೇಡಿ.

ಕಣ್ಣಿನ ಕೆಳಗೆ ಕೆನ್ನೆಯ ಮೇಲೆ, ಮೂಳೆಗೆ ಹತ್ತಿದಂತೆ ಬಿಸಿಯಾಗಿ ಊದಿ, ಒಡೆದು ಕೀವು ಬಂದು, ಮಾಗಿ, ಮತ್ತೆ ಒಡೆಯುತ್ತಿದ್ದರೆ ಕಣ್ಣನ್ನು ಬಿಟ್ಟು ಬಾಯನ್ನು ನೋಡಬೇಕು. ಮೇಲ್ದವಡೆಯ ದೊಡ್ಡ ಹಲ್ಲಿನ ಬೇರು ಕಣ್ಣಿನ ಕೆಳಗೇ ಇದೆ. ಗಟ್ಟಿ ಮೂಳೆ ಕಡಿದು ಹಲ್ಲು ಸೀಳಿದರೆ ಬೇರಿನಲ್ಲಿ ಕೀವಾಗಿ ಕೆನ್ನೆಯಲ್ಲಿ ಬಾಯಿ ತೆರೆಯುತ್ತದೆ. ಕಣ್ಣಿಗೆ ಎಷ್ಟು ಹನಿ ಬಿಟ್ಟರೂ ಇದು ಗುಣವಾಗದು, ಹಲ್ಲಿಗೆ ಚಿಕಿತ್ಸೆ ಆಗಬೇಕು, ಹೆಚ್ಚಾಗಿ ಕೀಳಲೇಬೇಕು. ವಯಸ್ಸಾದ ನಾಯಿಯ ಮುದುರೆಗಟ್ಟಿಯಾದ ಗಂಟು ದುರ್ಮಾಂಸವಾಗಿರಬಹುದು. ಒಳಮೂಲೆಯಲ್ಲಿ ಊದಿ, ಒತ್ತಿದರೆ ಕಣ್ಣಿನೊಳಕ್ಕೇ ಕೀವು ಬರುತ್ತಿದ್ದರೆ ಕಾಲುವೆಯಲ್ಲಿ ಹುಲ್ಲಿನ ಮುಳ್ಳು ಸಿಕ್ಕಿರುವ ಅನುಮಾನ ಪಡಬೇಕು. ಇವೆಲ್ಲ ನಾಲ್ಕಾರು ದಿನದಲ್ಲಿ ತೋರಿಸಬಹುದಾದವು. ಕಣ್ಣುಗುಡ್ಡೆಯೇ ಮುಂದಕ್ಕೆ ಚಾಚಿದ್ದರೆ, ಬಾಯಿ ತೆರೆಯುವಾಗ ನಾಯಿ ಚೀರಿದರೆ, ಕಣ್ಣು ಇದ್ದಕ್ಕಿದ್ದಂತೆ ನೀಲಿಯೋ ಬಿಳಿಯೋ ಆಗಿದ್ದರೆ ಮಾತ್ರ ಸಂಜೆಯವರೆಗೂ ಕಾಯಬೇಡಿ.

ನೀರುಗಂಟೆಂದು ಅನುಮಾನ ಬಂದರೆ ಆತುರವಿಲ್ಲ, ಆದರೆ ಅಲಕ್ಷ್ಯವೂ ಬೇಡ. ಗಂಟು ದೊಡ್ಡದಾದಷ್ಟೂ ರೆಪ್ಪೆಯನ್ನು ಎಳೆದು ಹೊರಳಿಸುತ್ತದೆ, ಕೂದಲು ಕಣ್ಣಿಗೆ ತಾಗುತ್ತದೆ, ಬಿಡಿಸಿ ತೆಗೆಯುವುದೂ ಕಷ್ಟವಾಗುತ್ತದೆ. ಮೊದಲ ದಿನವೇ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡಿ, ವಾರಕ್ಕೊಂದು ತೆಗೆಯಿರಿ. ಬೆಳೆದಿದೆಯೋ ಇಲ್ಲವೋ ಎಂಬುದಕ್ಕೆ ಬಾಯಿಮಾತಿಗಿಂತ ಅದು ಒಳ್ಳೆಯ ಸಾಕ್ಷಿ. ಔಷಧಿ ಅಂಗಡಿಯಿಂದ ಹನಿ ತಂದು ನೀವಾಗಿ ಹಾಕಬೇಡಿ. ಅದರಲ್ಲಿ ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್ ಮುಂತಾದ ಸ್ಟೀರಾಯ್ಡ್ ಇದ್ದು, ಕಣ್ಣಿನಲ್ಲಿ ಕಾಣದ ಗೀರುಗಾಯವೊಂದಿದ್ದರೆ ಗಾಯ ಮಾಗುವುದರ ಬದಲು ಆಳಕ್ಕೆ ಇಳಿಯುತ್ತದೆ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆಂಬುದನ್ನು ಹೇಳುತ್ತೇನೆ. ಗೊತ್ತಿದ್ದರೆ ಭಯವಿರುವುದಿಲ್ಲ. ಮೊದಲು ಕೆಳರೆಪ್ಪೆಯ ಒಳಗೆ ಕಾಗದದ ಸಣ್ಣ ಪಟ್ಟಿಯೊಂದನ್ನು ಸಿಕ್ಕಿಸಿ ಒಂದು ನಿಮಿಷ ಬಿಡುತ್ತಾರೆ. ಇದು ಷಿರ್ಮರ್ ಎಂಬ ಜರ್ಮನ್ ನೇತ್ರವೈದ್ಯರು ೧೯೦೩ರಲ್ಲಿ ಮನುಷ್ಯರಿಗಾಗಿ ಪ್ರಕಟಿಸಿದ ಪರೀಕ್ಷೆ. ನಾಯಿಗೂ ಅದೇ ನಡೆಯುತ್ತದೆ. ಕಾಗದ ೧೫ ಮಿಲಿಮೀಟರು ಅಥವಾ ಅದಕ್ಕಿಂತ ಹೆಚ್ಚು ನೆನೆದರೆ ಕಣ್ಣೀರು ಸಾಕಷ್ಟಿದೆಯೆಂದು ಅರ್ಥ. ೧೦ಕ್ಕಿಂತ ಕಡಿಮೆಯಾದರೆ ಕಣ್ಣು ಒಣಗುತ್ತಿದೆ. ಶಸ್ತ್ರಕ್ರಿಯೆಗೆ ಮೊದಲು ಈ ಲೆಕ್ಕ ಬರೆದಿಟ್ಟುಕೊಂಡರೆ ಆಮೇಲೆ ಗ್ರಂಥಿಗೆ ಹಾನಿಯಾಯಿತೇ ಇಲ್ಲವೇ ಎಂಬುದನ್ನು ಹೋಲಿಸಿ ನೋಡಬಹುದು. ಅನಂತರ ಫ್ಲೋರೆಸೀನ್ ಎಂಬ ಬಣ್ಣದ ಹನಿ ಹಾಕುತ್ತಾರೆ. ಕಣ್ಣಿನಲ್ಲಿ ಗಾಯವಿದ್ದರೆ ಆ ಜಾಗ ಹಸಿರಾಗಿ ಕಾಣುತ್ತದೆ. ಕಾಲುವೆ ತೆರೆದಿದ್ದರೆ ಕೆಲವು ನಿಮಿಷಗಳಲ್ಲಿ ಅದೇ ಹಸಿರು ಮೂಗಿನ ತುದಿಯಲ್ಲಿ ಇಣುಕುತ್ತದೆ. ಮಕ್ಕಳಿಗೆ ಇದು ಜಾತ್ರೆಯ ಕಣ್ಕಟ್ಟಿನ ಹಾಗೆ ಕಾಣುತ್ತದೆ, ಹಿರಿಯರೂ ಬೆರಗಾಗುತ್ತಾರೆ. ಕೆಲವು ನಾಯಿಗಳಲ್ಲಿ, ಮುಖ್ಯವಾಗಿ ಮೂತಿ ಗಿಡ್ಡವಾದ ಜಾತಿಗಳಲ್ಲಿ, ನೀರು ಗಂಟಲ ಕಡೆಗೆ ಇಳಿದುಬಿಡುವುದರಿಂದ ಮೂಗಿನಲ್ಲಿ ಬಣ್ಣ ಕಾಣದಿರಬಹುದು. ಅಷ್ಟರಿಂದಲೇ ಕಾಲುವೆ ಮುಚ್ಚಿದೆ ಎನ್ನಲಾಗದು. ಅನುಮಾನವಿದ್ದರೆ ಒಳಮೂಲೆಯ ತೂತಿಗೆ ಸಣ್ಣ ಕೊಳವೆ ಹಾಕಿ ನೀರು ಬಿಟ್ಟು ನೋಡುತ್ತಾರೆ.

ಆಮೇಲೆ ಶುದ್ಧಮಾಡಿದ ಸಣ್ಣ ಸೂಜಿಯಿಂದ ಗಂಟಿನೊಳಗಿನ ದ್ರವವನ್ನು ಸ್ವಲ್ಪ ಎಳೆದು ನೋಡುತ್ತಾರೆ. "ನಾವು ಚುಚ್ಚಿದರೆ ತಪ್ಪು, ನೀವು ಚುಚ್ಚಿದರೆ ಸರಿಯೋ?" ಎಂದು ಒಬ್ಬರು ಕೇಳಿದ್ದರು, ನ್ಯಾಯವಾದ ಪ್ರಶ್ನೆ. ವೈದ್ಯರು ಚುಚ್ಚುವುದು ವಾಸಿಮಾಡಲಿಕ್ಕಲ್ಲ, ಒಳಗೇನಿದೆ ಎಂದು ತಿಳಿಯಲಿಕ್ಕೆ. ಸೂಜಿಯಲ್ಲಿ ಬಂದದ್ದು ತಿಳಿನೀರಾದರೆ, ಅಥವಾ ನಸುಗೆಂಪಾದ ನೀರಾದರೆ, ಕಣ್ಣೀರಿನ ಗಂಟೆಂಬ ನಂಬಿಕೆ ಬಲವಾಗುತ್ತದೆ. ಎಳೆ ಎಳೆಯಾಗಿ ಅಂಟುವ ಲೋಳೆಯಾದರೆ ಅದು ಕೆನ್ನೆಮೂಳೆಯ ಹಿಂದಿನ ಜೊಲ್ಲು ಗ್ರಂಥಿಯಿಂದ ಸೋರಿದ್ದು. ಕೀವಾದರೆ ಕೀವೇ. ಏನೂ ಬಾರದೆ ಗಟ್ಟಿಯಾಗಿದ್ದರೆ ದುರ್ಮಾಂಸದ ಯೋಚನೆ. ಅಲ್ಟ್ರಾಸೌಂಡ್ ಯಂತ್ರವಿರುವ ಕಡೆ ಗಂಟಿನ ಒಳಭಾಗ ಕಪ್ಪಾಗಿಯೂ ಗೋಡೆ ತೆಳುವಾಗಿಯೂ ಕಾಣುತ್ತದೆ. ಗಂಟು ಕಣ್ಣಿನ ಕುಳಿಯೊಳಗೆ ಆಳಕ್ಕೆ ಇಳಿದಿದೆಯೆಂಬ ಶಂಕೆಯಿದ್ದರೆ ಸಿ.ಟಿ. ಸ್ಕ್ಯಾನ್ ಬೇಕಾದೀತು. ಅದು ದೊಡ್ಡ ಊರಿನ ಮಾತು, ಪ್ರತಿ ಗಂಟಿಗೂ ಅದರ ಅವಶ್ಯಕತೆ ಇಲ್ಲ.

ಈ ಶಸ್ತ್ರಕ್ರಿಯೆ ಹೋಬಳಿಯ ಚಿಕಿತ್ಸಾಲಯದಲ್ಲಿ ಆಗುವಂಥದಲ್ಲ. ಸೂಕ್ಷ್ಮ ಉಪಕರಣ, ಪೂರ್ಣ ಅರಿವಳಿಕೆ, ಕೈಪಳಗಿದ ಶಸ್ತ್ರವೈದ್ಯರು ಬೇಕು. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮ್ಮ ವೈದ್ಯರಿಂದ ಚೀಟಿ ಬರೆಸಿಕೊಂಡು, ಮುಂಚಿತವಾಗಿ ವಿಚಾರಿಸಿಕೊಂಡು ಹೊರಡಿ. ಸುಮ್ಮನೆ ಹೋಗಿ ಸುಮ್ಮನೆ ಬಂದರೆ ದಾರಿಯ ಖರ್ಚು ಮಾತ್ರ ಉಳಿಯುತ್ತದೆ. ಶಸ್ತ್ರಕ್ರಿಯೆಯ ಹಿಂದಿನ ರಾತ್ರಿಯಿಂದ ನಾಯಿಗೆ ಅನ್ನ ಹಾಕಬಾರದು. ಹಸಿದಿದೆಯೆಂದು ಬೆಳಿಗ್ಗೆ ರೊಟ್ಟಿ ಚೂರು ಹಾಕುವ ಅಜ್ಜಿ ಪ್ರತಿ ಮನೆಯಲ್ಲೂ ಇರುತ್ತಾರೆ. ಅವರಿಗೆ ಮೊದಲೇ ತಿಳಿಸಿಡಿ. ಮತ್ತು ಬಂದಾಗ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಉಸಿರಿನ ನಾಳಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ನೀರನ್ನು ಎಷ್ಟು ಹೊತ್ತಿಗೆ ನಿಲ್ಲಿಸಬೇಕು, ಎಳೆಯ ಮರಿಯಾದರೆ ಎಷ್ಟು ಹೊತ್ತು ಉಪವಾಸ ಎಂಬುದನ್ನು ವೈದ್ಯರನ್ನೇ ಕೇಳಿ. ಬೇಟೆನಾಯಿ ಸಾಕಿದವರು ಇನ್ನೊಂದು ಮಾತು ನೆನಪಿಡಬೇಕು. ಗ್ರೇಹೌಂಡಿನಂಥ ತೆಳುಮೈಯ ಓಟದ ಜಾತಿಗಳಿಗೆ ಥಯೋಪೆಂಟೋನ್ ಎಂಬ ಮತ್ತಿನ ಮದ್ದು ಬೇಗ ಇಳಿಯುವುದಿಲ್ಲ. ಮೈಯಲ್ಲಿ ಕೊಬ್ಬು ಕಡಿಮೆಯಿರುವುದೂ, ಆ ಮದ್ದನ್ನು ಅರಗಿಸಿಕೊಳ್ಳುವುದು ನಿಧಾನವಾಗಿರುವುದೂ ಇದಕ್ಕೆ ಕಾರಣ. ಬೇರೆ ಮದ್ದುಗಳಿವೆ. ನಿಮ್ಮದು ಮುಧೋಳದ ತಳಿ ಎಂದು ಹೇಳಿದರೆ ಸಾಕು, ವೈದ್ಯರು ಅರಿತು ನಡೆಯುತ್ತಾರೆ.

ನಾಯಿ ಮತ್ತಿನಲ್ಲಿ ಮಲಗಿದ ಮೇಲೆ ಸುತ್ತಲಿನ ಕೂದಲು ಕತ್ತರಿಸಿ, ನೀರು ಬೆರೆಸಿ ತೆಳುಮಾಡಿದ ಪೊವಿಡೋನ್ ಅಯೋಡಿನ್ ದ್ರಾವಣದಿಂದ ಕಣ್ಣು ತೊಳೆಯುತ್ತಾರೆ. ಸಾಬೂನು ಬೆರೆತ ದ್ರಾವಣ ಕಣ್ಣಿಗೆ ಆಗದು. ಗಂಟು ರೆಪ್ಪೆಯ ಒಳಮೈಗೆ ಉಬ್ಬಿದ್ದರೆ ಒಳಪೊರೆಯನ್ನು ಸೀಳಿ, ಚರ್ಮದ ಕೆಳಗಿದ್ದರೆ ರೆಪ್ಪೆಯ ಅಂಚಿಗೆ ಸಮವಾಗಿ ಚರ್ಮವನ್ನು ಸೀಳಿ ಒಳಹೋಗುತ್ತಾರೆ. ಒಳಮೂಲೆಯ ಗಂಟಾದರೆ ಮೊದಲೇ ಕಣ್ಣೀರಿನ ತೂತಿನಲ್ಲಿ ನೂಲಿನಂಥ ಕೊಳವೆಯೊಂದನ್ನು ಇಳಿಸಿಡುತ್ತಾರೆ. ಕಾಲುವೆ ಎಲ್ಲಿದೆಯೆಂದು ಅದರಿಂದ ಗುರುತು ಸಿಗುತ್ತದೆ, ಕತ್ತರಿ ತಪ್ಪಿ ಅದರ ಮೇಲೆ ಹೋಗುವುದಿಲ್ಲ. ಅನಂತರ ಮೊಂಡು ಮೊನೆಯ ಕತ್ತರಿಯಿಂದ ಚೀಲದ ಸುತ್ತಲೂ ಮಾಂಸವನ್ನು ಮೆಲ್ಲಗೆ ಬಿಡಿಸುತ್ತಾ ಬರುತ್ತಾರೆ. ನುಂಗಿನ ಹಣ್ಣನ್ನು ಒಡೆಯದೆ ಸಿಪ್ಪೆಯಿಂದ ಬಿಡಿಸಿದ ಹಾಗೆ. ಚೀಲ ಇಡಿಯಾಗಿ ಬಂದರೆ ಎಲ್ಲರಿಗೂ ನೆಮ್ಮದಿ. ನಡುವೆ ಒಡೆದರೆ ನೀರು ಹರಿದು ಗೋಡೆ ಕುಸಿದು ಕಾಣದಾಗುತ್ತದೆ. ಆಗ ತಾಳ್ಮೆಯಿಂದ ಹುಡುಕಿ ಗೋಡೆಯ ಚೂರನ್ನೂ ಬಿಡದೆ ತೆಗೆಯಬೇಕು, ಉಳಿದ ಚೂರಿನಿಂದಲೇ ಗಂಟು ಮತ್ತೆ ಏಳಬಹುದು. ಚೀಲಕ್ಕೆ ಅಂಟಿದ ಗ್ರಂಥಿಯ ಸ್ವಲ್ಪ ಭಾಗ ಹೋಗಬಹುದು, ಉಳಿದ ಗ್ರಂಥಿಯನ್ನು ಮುಟ್ಟುವುದಿಲ್ಲ. ಈ ಕೆಲಸದ ಜಾಣತನವೆಲ್ಲ ಇದರಲ್ಲಿದೆ: ಚೀಲ ಪೂರ್ತಿ ಬರಬೇಕು, ಗ್ರಂಥಿ ಉಳಿಯಬೇಕು. ಹೊಲಿಗೆಯ ದಾರ ತಲೆಗೂದಲಿನಂತೆ ಸಣ್ಣದು. ಗಂಟುಗಳು ಕಣ್ಣುಗುಡ್ಡೆಗೆ ಉಜ್ಜದ ಹಾಗೆ ಹಾಕುತ್ತಾರೆ.

ತೆಗೆದ ಚೀಲವನ್ನು ಎಸೆಯದೆ ಶೇಕಡಾ ೧೦ರ ಫಾರ್ಮಲಿನ್ ದ್ರಾವಣದಲ್ಲಿಟ್ಟು ಪ್ರಯೋಗಶಾಲೆಗೆ ಕಳುಹಿಸಬೇಕು. ಒಳಗೋಡೆಯ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದು ಗ್ರಂಥಿಯಿಂದ ಎದ್ದದ್ದೋ, ಕಾಲುವೆಯಿಂದ ಎದ್ದದ್ದೋ, ಅಥವಾ ಬೇರೇನೋ ಎಂಬುದು ಆಗಲೇ ಖಚಿತವಾಗುವುದು. ಅಲ್ಲಿಯವರೆಗೆ ನಾವು ಹೇಳುವುದೆಲ್ಲ ಬಲವಾದ ಊಹೆ ಅಷ್ಟೆ. ಈ ಪರೀಕ್ಷೆ ಬೇಡವೆಂದು ಹಣ ಉಳಿಸಬೇಡಿ, ಅದರಲ್ಲೂ ನಾಯಿಗೆ ವಯಸ್ಸಾಗಿದ್ದರೆ.

ಮನೆಗೆ ತಂದ ಮೇಲೆ ಕೆಲಸ ನಿಮ್ಮದು. ನಾಯಿ ಮುಂಗಾಲಿನಿಂದ ಕಣ್ಣು ಉಜ್ಜುತ್ತದೆ, ಗೋಡೆಗೆ ಮುಖ ತಿಕ್ಕುತ್ತದೆ. ಒಂದೇ ಸಲ ಉಜ್ಜಿದರೂ ಹೊಲಿಗೆ ಹರಿಯುತ್ತದೆ. ಅದಕ್ಕಾಗಿ ಕೊರಳಿಗೆ ಕೊಳವೆಯಾಕಾರದ ಪಟ್ಟಿ ಹಾಕುತ್ತಾರೆ. ಅಂಗಡಿಯದು ಸಿಗದಿದ್ದರೆ ಹಳೆಯ ಪ್ಲಾಸ್ಟಿಕ್ ಬಕೆಟ್ಟಿನ ತಳವನ್ನು ಕೊರಳಿಗೆ ಸರಿಯಾಗಿ ಕತ್ತರಿಸಿ, ಅಂಚಿಗೆ ಬಟ್ಟೆ ಸುತ್ತಿ, ಕೊರಳಪಟ್ಟಿಗೆ ದಾರದಿಂದ ಕಟ್ಟಿ ಹಾಕಬಹುದು. ಬಕೆಟ್ಟಿನ ಬಾಯಿ ಮೂತಿಗಿಂತ ನಾಲ್ಕು ಬೆರಳು ಮುಂದಿರಬೇಕು. ನಾಯಿ ಮೊದಲ ದಿನ ಬಾಗಿಲಿಗೂ ಕಂಬಕ್ಕೂ ಡಿಕ್ಕಿ ಹೊಡೆಯುತ್ತದೆ, ಮಕ್ಕಳು ನಗುತ್ತಾರೆ. ಕನಿಕರದಿಂದ ಬಿಚ್ಚಬೇಡಿ, ಎರಡನೆಯ ದಿನಕ್ಕೆ ಒಗ್ಗಿಕೊಳ್ಳುತ್ತದೆ. ಉಣ್ಣುವ ತಟ್ಟೆಯನ್ನು ಇಟ್ಟಿಗೆಯ ಮೇಲಿಟ್ಟರೆ ಬಾಯಿ ಎಟುಕುತ್ತದೆ.

ಬರೆದುಕೊಟ್ಟ ಹನಿಗಳನ್ನು ಹೊತ್ತುಹೊತ್ತಿಗೆ ಹಾಕಿ. ಗೀಜು ಕಟ್ಟಿದ್ದರೆ ಕುದಿಸಿ ಆರಿಸಿದ ನೀರಿನಲ್ಲಿ ಶುಭ್ರವಾದ ಹತ್ತಿ ಅದ್ದಿ ಒರೆಸಿ ಆಮೇಲೆ ಹನಿ ಹಾಕಬೇಕು. ಸೀಸೆಯ ತುದಿ ಕಣ್ಣಿಗೆ ತಾಕಬಾರದು. ನೋವಿಗೆಂದು ಮನೆಯಲ್ಲಿರುವ ಮನುಷ್ಯರ ಗುಳಿಗೆಗಳನ್ನು ಕೊಡಲೇಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನೂ ಕೆಡಿಸುತ್ತದೆ. ಎರಡು ವಾರ ಕುರಿಯ ಹಿಂದೆ ಕಳುಹಿಸಬೇಡಿ. ಧೂಳು, ಹುಲ್ಲಿನ ಮುಳ್ಳು, ಬೇರೆ ನಾಯಿಗಳ ಜಗಳ ಯಾವುದೂ ಆ ದಿನಗಳಲ್ಲಿ ಒಳ್ಳೆಯದಲ್ಲ. ರೆಪ್ಪೆ ಮೊದಲ ಎರಡು ಮೂರು ದಿನ ಊದಿಕೊಂಡಿರುವುದು ಸಹಜ. ಆಮೇಲೂ ಊತ ಏರುತ್ತಿದ್ದರೆ, ಕೀವು ಕಂಡರೆ, ನಾಯಿ ಕಣ್ಣು ಬಿಡಲಾರದಿದ್ದರೆ ತಡಮಾಡದೆ ಕರೆತನ್ನಿ.

ಚರ್ಮದ ಹೊಲಿಗೆಯನ್ನು ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಬಿಚ್ಚುತ್ತಾರೆ. ಒಳಗಿನ ಹೊಲಿಗೆ ತಾನಾಗಿ ಕರಗುತ್ತದೆ. ಕಾಲುವೆಯಲ್ಲಿ ಕೊಳವೆ ಬಿಟ್ಟಿದ್ದರೆ ಅದು ಇನ್ನೂ ಕೆಲವು ವಾರ ಇರುತ್ತದೆ. ಅದರ ತುದಿ ಹೊರಗೆ ಕಂಡಿತೆಂದು ಎಳೆಯಬೇಡಿ. ಹೊಲಿಗೆ ಬಿಚ್ಚುವ ದಿನ ಆ ಕಾಗದದ ಪಟ್ಟಿಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ, ಹಿಂದಿನ ಲೆಕ್ಕದ ಪಕ್ಕದಲ್ಲೇ ಬರೆಸಿಕೊಳ್ಳಿ. ಹೊಲಿಗೆ ಬಿಚ್ಚಲು ಮತ್ತಿನ ಮದ್ದು ಕೊಡದಿದ್ದರೆ ಅಂದು ನಾಯಿಯನ್ನು ಉಪವಾಸ ಕೆಡವುವ ಅಗತ್ಯವಿಲ್ಲ. ಅಜ್ಜಿಯವರು ರೊಟ್ಟಿ ಹಾಕಬಹುದು.